ವುಶೆಯ ಬೆಟ್ಟದಿಂದ ಗ್ಲುಬಾನಿನ ಗದ್ದೆಗೆ: ತೈವಾನಿನಲ್ಲಿ ಐದು ದಿನ

ಮೊದಲ ದಿನ – ತೈಪೆ

ಗೆಳೆಯ ನನ್ನ ಅಂಗೈ ಮೇಲೆ ಒಂದು ನಾಣ್ಯ ಇಟ್ಟು, "ಇದನ್ನ ಖರ್ಚು ಮಾಡ್ಬೇಡ, ಈಗ ಜಾಸ್ತಿ ಸಿಗಲ್ಲ" ಎಂದ.

20 ತೈವಾನ್ ಡಾಲರಿನ ನಾಣ್ಯ. 2001ರಲ್ಲಿ ಬಂದದ್ದು. ನಡುವೆ ಒಂದು ಲೋಹ, ಅದರ ಸುತ್ತ ಬಳೆಯ ಹಾಗೆ ಇನ್ನೊಂದು ಲೋಹ. ಒಂದು ಬದಿಯಲ್ಲಿ ಲಾನ್‌ಯು ದ್ವೀಪದ ತಾವೊ ಜನರ ದೋಣಿ. ಇನ್ನೊಂದು ಬದಿಯಲ್ಲಿ ಒಬ್ಬ ಗಂಡಸಿನ ಮುಖ. ಆ ಮುಖಕ್ಕಾಗಿಯೇ ನಾನು ಇಷ್ಟು ದೂರ ಬಂದಿದ್ದೆ. ಅದು ಮೋನಾ ರುಡಾವ್, 1930ರಲ್ಲಿ ವುಶೆ ಎಂಬ ಬೆಟ್ಟದ ಊರಿನಲ್ಲಿ ಜಪಾನಿಯರ ವಿರುದ್ಧ ದಂಗೆ ಎದ್ದ ಸೀಡಿಕ್ ಬುಡಕಟ್ಟಿನ ಮುಖಂಡ.

ಗೆಳೆಯ ಶಿನ್‌ಚು ಊರಿನಲ್ಲಿ ಚಿಪ್ ಕಾರ್ಖಾನೆಯೊಂದರ ಇಂಜಿನಿಯರ್. ಆರು ವರ್ಷದಿಂದ ಇಲ್ಲೇ ಇದ್ದಾನೆ, ಚೀನೀ ಭಾಷೆ ಸಲೀಸಾಗಿ ಮಾತಾಡುತ್ತಾನೆ. ನಾನು ಬರುವ ಸುದ್ದಿ ಕೇಳಿ, ಸರೋವರ ನೋಡೋಣ, ಎತ್ತರದ ಗೋಪುರ ಹತ್ತೋಣ ಅಂತೆಲ್ಲ ಪಟ್ಟಿ ಮಾಡಿ ಇಟ್ಟಿದ್ದ. ನಾನು ವುಶೆಗೆ ಹೋಗಬೇಕು ಎಂದೆ. ಕೆಲವು ವರ್ಷದ ಹಿಂದೆ ಒಂದು ಹಳೆಯ ಫೋಟೊ ನೋಡಿದ್ದೆ. ಬಟ್ಟೆ ಹೊದ್ದ ಮೂವರು ಬೆಟ್ಟದ ಗಂಡಸರು ಸಾಲಾಗಿ ನಿಂತಿದ್ದಾರೆ. ನಡುವಿನವನು ಮೋನಾ ರುಡಾವ್. ಆ ನಿಲುವು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಆಮೇಲೆ ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

1895ರ ಏಪ್ರಿಲ್‌ನಲ್ಲಿ, ಯುದ್ಧದಲ್ಲಿ ಸೋತ ಚೀನಾದ ಚಿಂಗ್ ಅರಸರು ಶಿಮೊನೊಸೆಕಿ ಒಪ್ಪಂದಕ್ಕೆ ಸಹಿ ಹಾಕಿ ಈ ದ್ವೀಪವನ್ನು ಜಪಾನಿಗೆ ಕೊಟ್ಟುಬಿಟ್ಟರು. ದ್ವೀಪದ ಜನರನ್ನು ಯಾರೂ ಕೇಳಲಿಲ್ಲ. ಬೆಟ್ಟದಲ್ಲಿದ್ದ ಮೂಲನಿವಾಸಿಗಳಂತೂ ಚಿಂಗ್ ಅರಸರ ಕೈಗೂ ಪೂರ್ತಿ ಸಿಕ್ಕವರಲ್ಲ. ಅವರದಲ್ಲದ ಬೆಟ್ಟವನ್ನು ಅವರು ಕೊಟ್ಟರು, ಇವರು ತಗೊಂಡರು. ಜಪಾನಿನ ಆಳ್ವಿಕೆ 1945ರವರೆಗೆ, 50 ವರ್ಷ ನಡೆಯಿತು.

ಮಧ್ಯಾಹ್ನ ತೈವಾನ್ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಹೋದೆವು. ಎರಡೂ ಬದಿಗೆ ಎತ್ತರದ ಪಾಮ್ ಮರಗಳಿರುವ ದೊಡ್ಡ ಬೀದಿ. ಜಪಾನಿಯರ ಕಾಲದಲ್ಲಿ, 1928ರಲ್ಲಿ ತಾಯ್ಹೊಕು ಇಂಪೀರಿಯಲ್ ವಿಶ್ವವಿದ್ಯಾಲಯ ಅಂತ ಶುರುವಾದ ಜಾಗ ಇದು. ಇಲ್ಲಿಯ ಮಾನವಶಾಸ್ತ್ರ ವಿಭಾಗದ ಸಂಗ್ರಹದಲ್ಲಿ ಬುಡಕಟ್ಟು ಜನರ ಬಟ್ಟೆ, ಬುಟ್ಟಿ, ಕತ್ತಿ ಎಲ್ಲ ಇವೆ. ಕೆಂಪು ನೂಲಿನ ಒಂದು ನೇಯ್ಗೆಯ ಮುಂದೆ ತುಂಬಾ ಹೊತ್ತು ನಿಂತೆ. ಒಂದು ಎಳೆಯೂ ತಪ್ಪಿಲ್ಲ.

ಆದರೆ ನನ್ನನ್ನು ಇಲ್ಲಿಗೆ ಕರೆತಂದದ್ದು ಈಗ ಇಲ್ಲಿಲ್ಲದ ವಸ್ತು. ಮೋನಾ ರುಡಾವ್‌ನ ದೇಹ 1933ರಲ್ಲಿ ಬೆಟ್ಟದ ಒಳಗೆ ಸಿಕ್ಕಿತು. ಅದನ್ನು ಜನರ ಮುಂದೆ ಪ್ರದರ್ಶನಕ್ಕಿಟ್ಟರು. ಆಮೇಲೆ ಈ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಜಪಾನಿಯರು ಹೋದರು, ಹೊಸ ಸರ್ಕಾರ ಬಂತು, ಎಲುಬು ಮಾತ್ರ ಇಲ್ಲೇ ಉಳಿಯಿತು. ಮಣ್ಣಿಗೆ ಸೇರಿದ್ದು 1973ರಲ್ಲಿ. ಸತ್ತವನನ್ನು ಮಣ್ಣು ಮಾಡಲು 40 ವರ್ಷ ಕಾಯಬೇಕಾಯಿತು ಎಂದರೆ ಅವನ ಮನೆಯವರ ಎದೆಯಲ್ಲಿ ಏನಿತ್ತೋ.

ಎರಡನೇ ದಿನ – ಚಾಂಗ್‌ಹ್ವಾ

ಗೆಳೆಯನಿಗೆ ಕೆಲಸವಿತ್ತು. ನಾನೊಬ್ಬನೇ ರೈಲು ಹತ್ತಿ ಚಾಂಗ್‌ಹ್ವಾದಲ್ಲಿ ಇಳಿದೆ. ಬಾಗುವಾಶಾನ್ ಅಂತ ಒಂದು ಗುಡ್ಡ. ಎತ್ತರ ನೂರು ಮೀಟರೂ ಇಲ್ಲ. ಮೇಲೆ ಕಪ್ಪು ಬಣ್ಣದ ದೊಡ್ಡ ಬುದ್ಧ ಕೂತಿದ್ದಾನೆ. ಶಾಲೆಯ ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಿದ್ದರು.

1895ರ ಆಗಸ್ಟ್ 28ರಂದು ಈ ಗುಡ್ಡದ ಮೇಲೆ ದೊಡ್ಡ ಕದನವಾಯಿತು. ಆ ವರ್ಷ ದ್ವೀಪದ ಬಯಲಿನಲ್ಲಿ ನಡೆದ ಕದನಗಳಲ್ಲೇ ದೊಡ್ಡದು. ಇಲ್ಲಿ ನಿಂತು ಹೋರಾಡಿದವರಲ್ಲಿ ಬಹಳ ಜನ ಹಕ್ಕಾ ಭಾಷೆ ಆಡುವ ರೈತರು. ಅವರ ಮುಂದಾಳು ವು ಟಾಂಗ್‌ಶಿಂಗ್ ಓದು ಬರಹ ಬಲ್ಲ ಮನುಷ್ಯ, ಮಿಯಾವೊಲಿ ಕಡೆಯವನು. ಊರೂರಿನಿಂದ ಜನ ಕೂಡಿಸಿ ಸೈನ್ಯ ಕಟ್ಟಿದ್ದ. ಅವನು ಅಂದು ಇಲ್ಲೇ ಸತ್ತ. ಗುಡ್ಡ ಜಪಾನಿಯರ ಕೈ ಸೇರಿತು.

ಆ ವರ್ಷದ ಯುದ್ಧದಲ್ಲಿ ಗುಂಡಿಗೆ ಬಲಿಯಾದ ಜಪಾನಿ ಸೈನಿಕರು 164. ಮಲೇರಿಯಾ, ವಾಂತಿಭೇದಿ ಅಂತ ರೋಗಕ್ಕೆ ಸತ್ತವರು 4,600ಕ್ಕೂ ಜಾಸ್ತಿ. ದ್ವೀಪದವರ ಕಡೆ ಸತ್ತವರು ಸಾವಿರಾರು. ಗುಡ್ಡದ ಬದಿಯ ಒಂದು ಪಾರ್ಕಿನಲ್ಲಿ ಅವರ ನೆನಪಿಗೆ ಕಲ್ಲು ನಿಲ್ಲಿಸಿದ್ದಾರೆ. 1960ರ ದಶಕದಲ್ಲಿ ಇಲ್ಲಿ ನೆಲ ಅಗೆದಾಗ ನೂರಾರು ಜನರ ಎಲುಬು ಒಟ್ಟಿಗೆ ಸಿಕ್ಕಿದ್ದವು. ಯಾರ ಹೆಸರೂ ಇಲ್ಲ.

ಒಂದು ವಿಷಯ ಮಾತ್ರ ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಅಂದು ಜಪಾನಿ ಸೈನ್ಯವನ್ನು ನಡೆಸಿದವನು ರಾಜಕುಮಾರ ಕಿತಶಿರಕಾವಾ ಯೊಶಿಹಿಸಾ. ಎರಡು ತಿಂಗಳಲ್ಲಿ, ಅಕ್ಟೋಬರ್ 28ಕ್ಕೆ, ತೈನಾನ್ ಊರಿನಲ್ಲಿ ಕಾಯಿಲೆಯಿಂದ ತೀರಿಕೊಂಡ. ಅವನನ್ನು ದೇವರು ಮಾಡಿ ತೈಪೆಯಲ್ಲಿ ಗುಡಿ ಕಟ್ಟಿದರು. ಪ್ರತಿ ವರ್ಷ ಆ ದಿನಕ್ಕೆ ದ್ವೀಪದ ತುಂಬ ಹಬ್ಬ ಮಾಡಿಸುತ್ತಿದ್ದರು.

ಸಂಜೆ ತಾಯ್‌ಚುಂಗ್ ಸೇರಿದೆ. ಬೌದ್ಧರು ನಡೆಸುವ ಸಸ್ಯಾಹಾರಿ ಊಟದ ಅಂಗಡಿಗಳು ಇಲ್ಲಿ ಬೀದಿಗೊಂದು ಇವೆ. ತಟ್ಟೆಗೆ ಬೇಕಾದ್ದು ಹಾಕಿಕೊಂಡರೆ ತೂಕ ನೋಡಿ ದುಡ್ಡು ಹೇಳುತ್ತಾರೆ. ಹೊಟ್ಟೆ ತುಂಬ ಉಂಡೆ.

ಮೂರನೇ ದಿನ – ಪುಲಿ, ವುಶೆ

ಗೆಳೆಯ ಮೂರು ದಿನ ರಜೆ ಹಾಕಿ ಬೆಳಗ್ಗೆಯೇ ತಾಯ್‌ಚುಂಗ್‌ಗೆ ಬಂದ. ಬಸ್ಸಿನಲ್ಲಿ ಪುಲಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮೇಲಕ್ಕೆ. ಪುಲಿ ಸುತ್ತಲೂ ಬೆಟ್ಟ ಇರುವ ಬಟ್ಟಲಿನಂಥ ಊರು. ಊರು ದಾಟಿ ಸ್ವಲ್ಪ ಹೊತ್ತಿಗೆ ಬಟ್ಟಲಿನ ಅಂಚು ಬಂತು. ಎರಡು ಕಡೆಯಿಂದಲೂ ಬಂಡೆ ಒತ್ತಿಕೊಂಡು ಬಂದು ರಸ್ತೆ ಸಣ್ಣದಾಯಿತು. ಕೆಳಗೆ ಹೊಳೆ. ಗೆಳೆಯ ಕಿಟಕಿಯ ಕಡೆ ಬೆರಳು ಮಾಡಿ, "ರೆನ್‌ಜಿಗುವಾನ್. ಮನುಷ್ಯ ಇಲ್ಲಿಗೆ ನಿಲ್ಲಬೇಕು ಅಂತ ಅರ್ಥ" ಎಂದ.

1902ರಲ್ಲಿ ಜಪಾನಿಯರು ಮೊದಲ ಸಲ ದೊಡ್ಡದಾಗಿ ವುಶೆಗೆ ಹತ್ತಲು ನೋಡಿದ್ದು ಈ ಕಂಡಿಯಿಂದಲೇ. ಮೇಲಿನಿಂದ ಸೀಡಿಕ್ ಜನ ಕಲ್ಲು ಉರುಳಿಸಿ, ಗುಂಡು ಹಾರಿಸಿ ವಾಪಸ್ ಕಳಿಸಿದರು. ಈ ಬಂಡೆ ನೋಡಿದ ಮೇಲೆ ಅದು ಹೇಗಾಯಿತು ಅಂತ ಯಾರೂ ವಿವರಿಸುವುದೇ ಬೇಡ.

ನೇರ ಹತ್ತಲಾಗದವರು ಬೇರೆ ದಾರಿ ಹುಡುಕಿದರು. ಬೆಟ್ಟಕ್ಕೆ ಉಪ್ಪು, ಕಬ್ಬಿಣ ಹೋಗದ ಹಾಗೆ ಕಟ್ಟಿಹಾಕಿದರು. ಉಪ್ಪಿಲ್ಲದೆ ಎಷ್ಟು ದಿನ ಇರುತ್ತೀರಿ? 1903ರಲ್ಲಿ ಪಕ್ಕದ ಬುನುನ್ ಬುಡಕಟ್ಟಿನ ಒಂದು ಗುಂಪಿನ ಮೂಲಕ ವ್ಯಾಪಾರಕ್ಕೆ ಬನ್ನಿ ಅಂತ ವುಶೆಯ ಗಂಡಸರನ್ನು ಕರೆಸಿದರು. ಕುಡಿಸಿ, ಮೈಮರೆಸಿ, ನೂರರ ಹತ್ತಿರ ಜನರನ್ನು ಕೊಂದರು. ಬೆಟ್ಟದ ಬೆನ್ನು ಮುರಿದದ್ದು ಅಲ್ಲಿ. ಆಮೇಲೆ ಪೊಲೀಸ್ ಠಾಣೆಗಳು ಬಂದವು. ಬಂದೂಕು ಒಪ್ಪಿಸಬೇಕು ಅಂತ ಆಯಿತು. ಬೇಟೆಯಾಡಿ ಬದುಕುವವನ ಕೈಯಿಂದ ಬಂದೂಕು ಕಿತ್ತರೆ ಏನಾಗುತ್ತದೆ ಅಂತ ನಮಗೆ ಗೊತ್ತು, ಹಲಗಲಿಯ ಬೇಡರ ಕಥೆ ಕೇಳಿ ಬೆಳೆದವರಲ್ವಾ ನಾವು.

ವುಶೆ 1,100 ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿದೆ. ಹೆಸರಿನಲ್ಲೇ ಮಂಜಿದೆ. ಫೆಬ್ರವರಿ ಕೊನೆ. ಚೆರ್ರಿ ಹೂವು ಮುಗಿಯುತ್ತಾ ಬಂದಿತ್ತು. ಒಂದೇ ಒಂದು ಮುಖ್ಯ ಬೀದಿ, ಎರಡೂ ಕಡೆ ಅಂಗಡಿ, ಕಾಫಿ, ಚಹಾ, ಬೆಟ್ಟದ ಮೆಣಸು. ಆ ಮೆಣಸನ್ನು ಬೆರಳಲ್ಲಿ ಹಿಸುಕಿದರೆ ನಿಂಬೆಹುಲ್ಲಿನ ವಾಸನೆ ಬರುತ್ತದೆ. ಪ್ರವಾಸಿಗರು ಬಸ್ಸಿನಲ್ಲೇ ಕೂತು ಇನ್ನೂ ಮೇಲಿನ ಹುಲ್ಲುಗಾವಲು ನೋಡಲು ಹೋಗುತ್ತಾರೆ. ಇಲ್ಲಿ ಇಳಿದವರು ನಾವಿಬ್ಬರು, ತರಕಾರಿ ಚೀಲದ ಒಬ್ಬ ಮುದುಕ.

ರಸ್ತೆಯ ಬದಿಗೆ ಬಿಳಿಯ ಕಮಾನು. ಒಳಗೆ ಮೆಟ್ಟಿಲು, ಮರಗಳು, ಮೋನಾ ರುಡಾವ್‌ನ ಪ್ರತಿಮೆ, ಅದರ ಹಿಂದೆ ಸಮಾಧಿ. 1973ರಲ್ಲಿ ಅವನ ಎಲುಬನ್ನು ತಂದು ಮಣ್ಣು ಮಾಡಿದ್ದು ಇಲ್ಲೇ. ಸಮಾಧಿಯ ಕಲ್ಲಿನ ಮೇಲೆ ಯಾರೋ ಒಂದು ಸಣ್ಣ ಲೋಟ ಇಟ್ಟು ಹೋಗಿದ್ದರು. ಬಗ್ಗಿ ನೋಡಿದೆ. ತಳದಲ್ಲಿ ಒಂದಿಷ್ಟು ಮದ್ಯ, ಅದರಲ್ಲಿ ತೇಲುವ ಒಂದು ಚೆರ್ರಿ ಎಸಳು. ಇಲ್ಲಿ ಹಿರಿಯರಿಗೆ ಮೊದಲು ಕುಡಿಸಿ ಆಮೇಲೆ ತಾವು ಕುಡಿಯುವುದು ರೂಢಿ. ಬೆರಳನ್ನು ಮದ್ಯದಲ್ಲಿ ಅದ್ದಿ ನೆಲಕ್ಕೆ ಚಿಮುಕಿಸುತ್ತಾರೆ.

ಮದ್ಯದಿಂದಲೇ ದಂಗೆಯ ಕಿಡಿ ಹತ್ತಿದ್ದು. 1930ರ ಅಕ್ಟೋಬರ್ 7. ಮೆಹೆಬು ಹಳ್ಳಿಯಲ್ಲಿ ಮದುವೆ. ಆ ದಾರಿಯಲ್ಲಿ ಯೊಶಿಮುರಾ ಎಂಬ ಜಪಾನಿ ಪೊಲೀಸ್ ಹೋಗುತ್ತಿದ್ದ. ಮೋನಾ ರುಡಾವ್‌ನ ಹಿರಿಯ ಮಗ ತಾಡೊ ಮೋನಾ ಅವನ ಕೈ ಹಿಡಿದು, ಬಾ, ಒಂದು ಲೋಟ ಕುಡಿದು ಹೋಗು ಎಂದ. ಹಬ್ಬಕ್ಕೆ ಪ್ರಾಣಿ ಕಡಿದ ಕೈ, ರಕ್ತ ಇತ್ತು. ಪೊಲೀಸ್ ಅಸಹ್ಯಪಟ್ಟು ಆ ಕೈಗೆ ಕೋಲಿನಿಂದ ಹೊಡೆದ. ಹೊಡೆದಾಟವಾಯಿತು. ಮಾರನೇ ದಿನ ಮೋನಾ ರುಡಾವ್ ಮದ್ಯ ತಗೊಂಡು ಠಾಣೆಗೆ ಹೋಗಿ ತಪ್ಪಾಯಿತು ಎಂದ. ಅವರು ಒಪ್ಪಲಿಲ್ಲ. ಹಳ್ಳಿಗೇ ಶಿಕ್ಷೆ ಬರುತ್ತದೆ ಅಂತ ಎಲ್ಲರಿಗೂ ಅನಿಸಿತು.

ಕಿಡಿ ಅದು, ಸೌದೆ ಮೊದಲೇ ಒಣಗಿತ್ತು. ವುಶೆಯಲ್ಲಿ ಶಾಲೆಯ ಹಾಸ್ಟೆಲ್ ಕಟ್ಟಲು ಮೆಹೆಬು ಬೆಟ್ಟದಿಂದ ಮರ ತರಬೇಕಿತ್ತು. ಸೀಡಿಕ್ ಜನ ದಿಮ್ಮಿಯನ್ನು ನೆಲದ ಮೇಲೆ ಎಳೆದು ತರುತ್ತಿದ್ದರು. ಎಳೆದರೆ ಮರ ಹಾಳಾಗುತ್ತದೆ, ಹೆಗಲ ಮೇಲೆ ಹೊತ್ತು ತನ್ನಿ ಅಂತ ಪೊಲೀಸರ ಆಜ್ಞೆ. ಕೂಲಿ ಕಮ್ಮಿ, ಅದೂ ಸರಿಯಾಗಿ ಕೈಗೆ ಬರುತ್ತಿರಲಿಲ್ಲ. ಕುಯಿಲಿನ ಸಮಯದಲ್ಲೂ ಬಿಡುತ್ತಿರಲಿಲ್ಲ. ಇನ್ನು ಹೆಣ್ಣುಮಕ್ಕಳ ವಿಷಯ. ಮುಖಂಡರ ಮನೆಯ ಹೆಣ್ಣುಗಳನ್ನು ಜಪಾನಿ ಪೊಲೀಸರಿಗೆ ಮದುವೆ ಮಾಡಿಸುವುದು ಸರ್ಕಾರದ ಉಪಾಯವಾಗಿತ್ತು. ಮೋನಾ ರುಡಾವ್‌ನ ತಂಗಿ ತಿವಾಸ್ ರುಡಾವ್‌ಳನ್ನು ಹಾಗೆ ಮದುವೆಯಾದವನು ಒಂದು ದಿನ ಕಾಣೆಯಾದ. ಅವಳು ತವರಿಗೆ ವಾಪಸ್ ಬಂದಳು. ಮೋನಾ 1911ರಲ್ಲಿ ಜಪಾನಿಗೆ ಹೋಗಿ ಅವರ ಬಲ ಕಣ್ಣಾರೆ ಕಂಡವನು. ಗೆಲ್ಲಲಾಗದು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬೆಟ್ಟದಲ್ಲಿ ಇರಲಿಲ್ಲ. ತಿಳಿದೂ ಎದ್ದ. ನನಗೆ ಅವನ ಮೇಲೆ ಇಷ್ಟು ಗೌರವ ಇರುವುದು ಇದಕ್ಕೇ.

ಅಂದಿನ ಶಾಲೆ ಈಗ ಇಲ್ಲ. ಆ ಜಾಗದಲ್ಲಿ ವಿದ್ಯುತ್ ಕಂಪನಿಯ ಕಚೇರಿ ಇದೆ. ಹೊರಗಿನಿಂದ ನೋಡಿದೆವು. ಸಮತಟ್ಟು ಜಾಗ. ಬೆಟ್ಟದಲ್ಲಿ ಇಷ್ಟು ಅಗಲದ ಸಮತಟ್ಟು ಸಿಗುವುದು ಕಷ್ಟ. 1930ರ ಅಕ್ಟೋಬರ್ 27ರ ಬೆಳಗ್ಗೆ ಇಲ್ಲಿ ಆಟೋಟ. ಬಾಗುವಾಶಾನಿನಲ್ಲಿ ಗೆದ್ದ ಅದೇ ರಾಜಕುಮಾರನ ಹಬ್ಬದ ಮುನ್ನಾದಿನ. ಸುತ್ತಲಿನ ಜಪಾನಿಯರೆಲ್ಲ ಹೆಂಡತಿ ಮಕ್ಕಳ ಸಮೇತ ಸೇರಿದ್ದರು. ಸೀಡಿಕ್ ಗಂಡಸರು ನಸುಕಿನಲ್ಲೇ ಒಂದೊಂದೇ ಠಾಣೆಗೆ ನುಗ್ಗಿ, ಟೆಲಿಫೋನ್ ತಂತಿ ಕಡಿದು, ಬಂದೂಕು ಎತ್ತಿಕೊಂಡು ಬಂದಿದ್ದರು. ಸುಮಾರು 180 ಬಂದೂಕು ಸಿಕ್ಕಿತ್ತು. ಬಾವುಟ ಏರಿಸುವ ಹೊತ್ತಿಗೆ ಮೈದಾನಕ್ಕೆ ನುಗ್ಗಿದರು.

134 ಜಪಾನಿಯರು ಸತ್ತರು. ಹೆಂಗಸರೂ ಮಕ್ಕಳೂ ಅದರಲ್ಲಿ ಇದ್ದರು. ಜಪಾನಿ ಉಡುಪಿನಲ್ಲಿದ್ದ, ಚೀನೀ ಮೂಲದ ಇಬ್ಬರು ಹಾನ್ ಜನರೂ ಸತ್ತರು. ಇದನ್ನು ಮುಚ್ಚಿಟ್ಟು ಮೋನಾ ರುಡಾವ್‌ನನ್ನು ಹೊಗಳಲು ನನ್ನಿಂದ ಆಗಲ್ಲ. ಆ ಬೇಲಿಯ ಪಕ್ಕ ನಿಂತಾಗ ಮಕ್ಕಳ ಓಟದ ಗೆರೆಯೇ ಕಣ್ಣ ಮುಂದೆ ಬರುತ್ತಿತ್ತು. ಗೆಳೆಯನೂ ಮಾತಾಡಲಿಲ್ಲ. ಇಬ್ಬರೂ ಸುಮ್ನೆ ವಾಪಸ್ ನಡೆದೆವು.

ನಾಲ್ಕನೇ ದಿನ – ಮೆಹೆಬು

ಮೆಹೆಬು ಈಗ ಲುಶಾನ್ ಬಿಸಿನೀರ ಬುಗ್ಗೆ. ವುಶೆಯಿಂದ ಕಾರಿನಲ್ಲಿ ಸ್ವಲ್ಪ ದೂರ. 2008ರ ಚಂಡಮಾರುತದಲ್ಲಿ ಹೊಳೆ ಬದಿಯ ಹೋಟೆಲ್ ಕಟ್ಟಡಗಳೇ ಕುಸಿದು ಬಿದ್ದಿದ್ದವು. ಅದಾದ ಮೇಲೆ ಊರು ಸೊರಗಿದೆ. ತೂಗುಸೇತುವೆ ದಾಟಿದೆವು. ಕಲ್ಲಿನ ಸಂದಿಯಿಂದ ಹಬೆ ಏಳುತ್ತಿತ್ತು. ಒಬ್ಬಾಕೆ ಬುಗ್ಗೆಯ ನೀರಿನಲ್ಲಿ ಮೊಟ್ಟೆ ಬೇಯಿಸಿ ಮಾರುತ್ತಿದ್ದಳು.

ಇಲ್ಲಿಂದ ಮೇಲೆ ಕಾಡು. ಕಡಿದಾದ ಕಣಿವೆ. ಮೈದಾನದ ದಾಳಿಯ ಮೇಲೆ ಜನ ಓಡಿ ಬಂದು ಸೇರಿದ್ದು ಈ ಕಣಿವೆಗೇ. ವುಶೆ ಸುತ್ತ ಟ್ಗಡಾಯಾ ಗುಂಪಿನ ಸೀಡಿಕ್ ಹಳ್ಳಿಗಳು 12 ಇದ್ದವು. ಎದ್ದದ್ದು ಆರು. ಒಟ್ಟು ಸುಮಾರು 1,200 ಜನ, ಅದರಲ್ಲಿ ಕಾದಾಡುವ ಗಂಡಸರು 300ರಷ್ಟು. ಅವರ ಮೇಲೆ ಸಾವಿರಾರು ಸೈನಿಕರು, ಪೊಲೀಸರು, ತೋಪು, ವಿಮಾನ ಬಂದವು. ಬಂಡೆಯ ಗುಹೆಯಲ್ಲಿ ಅಡಗಿದವರನ್ನು ಹೊರಗೆ ಎಬ್ಬಿಸಲು ವಿಮಾನದಿಂದ ಅನಿಲದ ಬಾಂಬು ಹಾಕಿದರು. ಇದನ್ನು ಕೇಳಿ ತೈಪೆಯಲ್ಲಿ ಚಿಯಾಂಗ್ ವೇ-ಶುಯ್ ಎಂಬ ಮುಖಂಡ ಮತ್ತು ಅವರ ತೈವಾನ್ ಜನತಾ ಪಕ್ಷ ಪ್ರತಿಭಟಿಸಿತು. ಮುಂದಿನ ಫೆಬ್ರವರಿಯಲ್ಲಿ ಆ ಪಕ್ಷವನ್ನೇ ಮುಚ್ಚಿಸಿದರು.

ನಾವು ಒಂದು ಗಂಟೆ ಹತ್ತಿದೆವು. ಮಳೆ ಹಿಡಿಯಿತು. ಎಲೆ ಕೊಳೆತ ನೆಲದ ಮೇಲೆ ಜಾರಿ ಮಂಡಿ ತರಚಿತು. ಗುಹೆಗಳು ಇನ್ನೂ ಎಷ್ಟೋ ಒಳಗೆ ಇವೆ, ನಮ್ಮಂಥವರು ಹೋಗುವ ದಾರಿಯಲ್ಲ. ಒಂದು ದೊಡ್ಡ ಮರದ ಕೆಳಗೆ ನಿಂತೆವು. ತಲೆಯ ಮೇಲೆ ಅಡ್ಡ ಕೊಂಬೆ. ಅದನ್ನು ನೋಡುತ್ತಿದ್ದ ಹಾಗೆ ಮೈ ಜುಂ ಎಂದಿತು.

ಯಾಕೆಂದರೆ ಇಲ್ಲಿ ಸತ್ತ 644 ಜನರಲ್ಲಿ 290 ಜನ ತಾವಾಗಿಯೇ ಪ್ರಾಣ ಬಿಟ್ಟವರು, ಬಹಳ ಜನ ನೇಣು ಹಾಕಿಕೊಂಡು. ಜಾಸ್ತಿ ಹೆಂಗಸರು. ಇರುವ ಕಾಳು ಕಾದಾಡುವ ಗಂಡಸರಿಗೆ ಆಗಲಿ, ನಾವು ಹೊರೆ ಆಗೋದು ಬೇಡ ಅಂತ. ಒಂದೇ ಮರಕ್ಕೆ ಎಷ್ಟೋ ಜನ. ಸೀಡಿಕ್ ಜನರ ಕಟ್ಟುಪಾಡಿಗೆ ಗಾಯಾ ಎಂದು ಹೆಸರು. ಸತ್ತವರು ಕಾಮನಬಿಲ್ಲಿನ ಸೇತುವೆ ದಾಟಿ ಹಿರಿಯರ ಬಳಿ ಹೋಗುತ್ತಾರೆ. ಗಂಡಸಾದರೆ ಬೇಟೆ, ಕಾದಾಟ ಬಲ್ಲವನಾಗಿರಬೇಕು. ಹೆಣ್ಣಾದರೆ ನೇಯ್ಗೆ ಬಲ್ಲವಳಾಗಿರಬೇಕು. ಅದಕ್ಕೆ ಗುರುತು ಮುಖದ ಮೇಲಿನ ಹಚ್ಚೆ. ಜಪಾನಿಯರು ಆ ಹಚ್ಚೆಯನ್ನೇ ನಿಷೇಧಿಸಿದ್ದರು. ನಾನು ತೈಪೆಯಲ್ಲಿ ನೋಡಿದ ಕೆಂಪು ನೇಯ್ಗೆ ನೆನಪಾಯಿತು. ಅಷ್ಟು ಚೆನ್ನಾಗಿ ನೇಯ್ದ ಕೈ ಯಾವುದೋ, ಅವಳ ಮುಖದಲ್ಲಿ ಹಚ್ಚೆ ಇತ್ತೋ ಇಲ್ಲವೋ.

ಮೋನಾ ರುಡಾವ್ ಕಾಡಿನ ಒಳಗೆ ಒಬ್ಬನೇ ಹೋಗಿ ಗುಂಡು ಹಾರಿಸಿಕೊಂಡ. ಮಗ ತಾಡೊ ಡಿಸೆಂಬರ್‌ವರೆಗೂ ತಡೆದ. ಅವನನ್ನು ಒಲಿಸಿ ಕರೆತರಲು ಜಪಾನಿಯರು ತಂಗಿ ಮಾಹುಂಗ್ ಮೋನಾಳ ಕೈಗೆ ಮದ್ಯ ಕೊಟ್ಟು ಕಾಡಿಗೆ ಕಳಿಸಿದರು. ಅಣ್ಣ ಮದ್ಯ ಕುಡಿದ, ಹಾಡಿದ, ತಂಗಿಗೆ ವಿದಾಯ ಹೇಳಿದ, ನೇಣು ಹಾಕಿಕೊಂಡ. ಅವಳೊಬ್ಬಳೇ ಇಳಿದು ಬಂದಳು. ಅಣ್ಣನಿಗೆ ಕೊನೆಯ ಲೋಟ ಕೊಟ್ಟು ಆ ಇಳಿಜಾರು ಇಳಿದ ಹೆಣ್ಣಿನ ಕಾಲುಗಳ ಬಗ್ಗೆ ಇಡೀ ದಾರಿ ಯೋಚಿಸಿದೆ.

ಇನ್ನಿಬ್ಬರ ಬಗ್ಗೆಯೂ ಹೇಳಬೇಕು. ಡಾಕಿಸ್ ನೊಬಿಂಗ್, ಡಾಕಿಸ್ ನಾವಿ. ಜಪಾನಿಯರು ಇವರಿಗೆ ಹನಒಕಾ ಇಚಿರೊ, ಹನಒಕಾ ಜಿರೊ ಅಂತ ಹೆಸರಿಟ್ಟು, ಓದಿಸಿ, ಪೊಲೀಸ್ ಕೆಲಸ ಕೊಟ್ಟಿದ್ದರು. ಅಣ್ಣತಮ್ಮಂದಿರ ಹೆಸರು, ಆದರೆ ಅಣ್ಣತಮ್ಮಂದಿರಲ್ಲ. ದಂಗೆಯಾದಾಗ ಇಬ್ಬರೂ ಯಾವ ಕಡೆಯೂ ಪೂರ್ತಿ ಸೇರಲಾರದೆ ಸಿಕ್ಕಿಬಿದ್ದರು. ದುಡಿಮೆಯ ಹೊರೆ ತಾಳಲಾರದೆ ಜನ ಎದ್ದಿದ್ದಾರೆ ಅಂತ ಗೋಡೆಯ ಮೇಲೆ ಬರೆದಿಟ್ಟು, ಬಂಧುಗಳ ಜೊತೆ ಕಾಡಿಗೆ ಹೋಗಿ ಪ್ರಾಣ ಬಿಟ್ಟರು. ಜಿರೊನ ಹೆಂಡತಿ ಓಬಿಂಗ್ ತಾಡಾವ್ ಬಸುರಿ, ಉಳಿದುಕೊಂಡಳು.

ಇಳಿದು ಬರುವಾಗ ಚುನ್‌ಯಾಂಗ್ ಹಳ್ಳಿಯಲ್ಲಿ ನಿಂತೆವು. ಚೆಂದದ ಊರು, ಎಲೆಕೋಸಿನ ಹೊಲ, ಚಹಾ ತೋಟ. ಒಂದು ಸಣ್ಣ ಅಂಗಡಿಯಲ್ಲಿ ಕಾಫಿ ಕುಡಿದೆವು. ನಡುವಯಸ್ಸಿನ ಅಂಗಡಿಯಾಕೆ ನನ್ನ ಮಂಡಿ ನೋಡಿ ಔಷಧಿ ತಂದುಕೊಟ್ಟಳು. ಎಲ್ಲಿಗೆ ಹೋಗಿದ್ದಿರಿ ಎಂದಳು. ಗೆಳೆಯ ಹೇಳಿದ. ಅವಳು ಸ್ವಲ್ಪ ಹೊತ್ತು ಲೋಟ ಒರೆಸಿದಳು. ಆಮೇಲೆ, "ನಾವು ಟೊಡಾದವರು" ಎಂದಳು. ಅಷ್ಟೇ.

ಆ ಒಂದು ಮಾತಿನ ಭಾರ ಓದಿಕೊಂಡು ಹೋದವರಿಗೆ ಗೊತ್ತಾಗುತ್ತದೆ. ಟೊಡಾದವರೂ ಸೀಡಿಕ್ ಜನವೇ, ಅಕ್ಕಪಕ್ಕದ ಕಣಿವೆಯವರು. ಬೇಟೆಯ ಜಾಗಕ್ಕೆ ಹಳೆಯ ಜಗಳವಿತ್ತು. ಜಪಾನಿಯರು ಟೊಡಾ, ಟ್ರುಕು ಗುಂಪಿನವರಿಗೆ ಬಂದೂಕು ಕೊಟ್ಟು, ತಲೆಗೆ ಇಷ್ಟು ಅಂತ ಬಹುಮಾನ ಹೇಳಿ ಕಾಡಿಗೆ ನುಗ್ಗಿಸಿದರು. ಆ ಕಾದಾಟದಲ್ಲಿ ಟೊಡಾದ ಮುಖಂಡ ತೇಮು ವಾಲಿಸ್ ಸತ್ತ. ಸೇಡು ಉಳಿಯಿತು. ಪೊಲೀಸರು ಆ ಸೇಡಿಗೆ ಗಾಳಿ ಹಾಕಿದರು. 1931ರ ಏಪ್ರಿಲ್ 25ರ ನಸುಕಿನಲ್ಲಿ, ಶರಣಾಗಿ ಶಿಬಿರದಲ್ಲಿ ನಿರಾಯುಧರಾಗಿ ಮಲಗಿದ್ದ ಟ್ಗಡಾಯಾ ಜನರ ಮೇಲೆ ಟೊಡಾದವರು ಬಿದ್ದರು. 200ಕ್ಕೂ ಜಾಸ್ತಿ ಜನ ಸತ್ತರು. ಕಡಿದ 101 ತಲೆಗಳ ಜೊತೆ ತೆಗೆಸಿದ ಫೋಟೊ ಇದೆ. ಆಮೇಲೆ ದಂಗೆ ಎದ್ದವರ ಈ ನೆಲಕ್ಕೆ ಟೊಡಾದವರನ್ನೇ ತಂದು ಕೂರಿಸಿದರು. ಚುನ್‌ಯಾಂಗ್‌ಗೆ ಜಪಾನಿಯರು ಇಟ್ಟ ಹೆಸರು ಸಾಕುರಾ.

ನನಗೆ ಟೊಡಾದವರ ಮೇಲೆ ಸಿಟ್ಟು ಬರಲಿಲ್ಲ. ಪಕ್ಕದ ಮನೆಯವನ ಕೈಗೆ ಕತ್ತಿ ಕೊಟ್ಟು ಕಳಿಸಿದವನು ಸಮವಸ್ತ್ರದಲ್ಲಿದ್ದ. ಆಕೆ ನಾವು ಹೊರಡುವಾಗ ಔಷಧಿಗೂ ದುಡ್ಡು ತಗೊಳ್ಳಲಿಲ್ಲ, ಕಾಫಿಗೂ ತಗೊಳ್ಳಲಿಲ್ಲ.

ಐದನೇ ದಿನ – ಗ್ಲುಬಾನ್

ಪುಲಿಯಿಂದ ಬಾಡಿಗೆ ಕಾರು ಹಿಡಿದೆವು. ಚೀನೀ ಹೆಸರು ಚಿಂಗ್‌ಲ್ಯು. ಊರವರು ಹೇಳುವುದು ಗ್ಲುಬಾನ್. ಜಪಾನಿಯರು ಕಾವಾನಾಕಾಜಿಮಾ ಅಂತ ಕರೆದರು, ಹೊಳೆ ನಡುವಿನ ದ್ವೀಪ ಅಂತ. ಎರಡು ಹೊಳೆ ಕೂಡುವ ಜಾಗ, ಸುತ್ತ ಬೆಟ್ಟ, ನಡುವೆ ಚಪ್ಪಟೆ ನೆಲ. ಬರುವುದಕ್ಕೂ ಹೋಗುವುದಕ್ಕೂ ಸೇತುವೆಯೇ ಗತಿ. ಕಾವಲು ಕಾಯುವವನಿಗೆ ಎಷ್ಟು ಅನುಕೂಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

1931ರ ಮೇ 6ರಂದು, ಉಳಿದ 298 ಜನರನ್ನು ಇಲ್ಲಿಗೆ ತಂದರು. ಆರು ಹಳ್ಳಿಯವರು ಒಂದೇ ಹಳ್ಳಿಯಾದರು. ಅದೇ ಅಕ್ಟೋಬರ್‌ನಲ್ಲಿ ಶರಣಾಗತಿಯ ಸಮಾರಂಭ ಅಂತ ಪುಲಿಗೆ ಕರೆಸಿ, ಅವರಲ್ಲಿ ಇನ್ನಷ್ಟು ಗಂಡಸರನ್ನು ಹಿಡಿದಿಟ್ಟರು. ಅವರು ವಾಪಸ್ ಬರಲಿಲ್ಲ. ಬೆಟ್ಟದ ತಂಪಿನಲ್ಲಿ ಬೆಳೆದವರಿಗೆ ಈ ತಗ್ಗಿನ ಮಲೇರಿಯಾ ತಡೆಯಲಿಲ್ಲ, ಎಷ್ಟೋ ಜನ ಹೋದರು. ನವಣೆ, ಗೆಣಸು ಬೆಳೆದ ಕೈಗೆ ಭತ್ತದ ಗದ್ದೆ ಕೊಟ್ಟರು. ಪೊಲೀಸರೇ ನಿಂತು ನಾಟಿ ಕಲಿಸಿದರು.

ಊರ ಎತ್ತರದ ಜಾಗದಲ್ಲಿ ಒಂದು ಸ್ಮಾರಕ ಇದೆ. ಮೊದಲು ಅಲ್ಲಿ ಜಪಾನಿಯರು ಕಟ್ಟಿಸಿದ ಶಿಂಟೊ ಗುಡಿ ಇತ್ತಂತೆ. ಸ್ಮಾರಕದ ಹೆಸರಿನಲ್ಲಿ ಎರಡೇ ಅಕ್ಷರ ಮುಖ್ಯ: ಯು ಶೆಂಗ್. ಗೆಳೆಯ ಅನುವಾದ ಮಾಡಲು ಒದ್ದಾಡಿದ. "ಉಳಿದ ಬದುಕು" ಎಂದ. ಸ್ವಲ್ಪ ಬಿಟ್ಟು, "ಅಲ್ಲ, ಉಳಿದವರ ಬದುಕು. ಎರಡೂ ಆಗುತ್ತೆ" ಎಂದ.

ವುಶೆಯಲ್ಲಿ ಪ್ರತಿಮೆ ಇದೆ, ಕಮಾನು ಇದೆ. ಇಲ್ಲಿಗೆ ಬರುವವರು ಕಮ್ಮಿ. ನನ್ನನ್ನೇ ನಾನು ಕೇಳಿಕೊಂಡೆ, ನಾನು ಇಷ್ಟು ದಿನ ಓದಿದ್ದೆಲ್ಲ ಆ ಒಂದು ಬೆಳಗಿನ ಬಗ್ಗೆ, ಮುಂದಿನ 50 ದಿನದ ಕಾದಾಟದ ಬಗ್ಗೆ. ಆಮೇಲಿನ ಮೇ ತಿಂಗಳಲ್ಲಿ ಯಾರೋ ಎದ್ದು ಒಲೆ ಹಚ್ಚಿದರಲ್ಲ, ಮಕ್ಕಳನ್ನು ಹೆತ್ತರಲ್ಲ, ಅದಕ್ಕೆ ಎಷ್ಟು ಗಟ್ಟಿ ಎದೆ ಬೇಕಾಗಿತ್ತು? ಹುಡುಗರಾಗಿ ಇಲ್ಲಿಗೆ ಬಂದವರಲ್ಲಿ ಹಲವರು ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯಕ್ಕೇ ಸೇರಿ ಪೆಸಿಫಿಕ್ ಸಾಗರದ ದ್ವೀಪಗಳ ಕಾಡಿಗೆ ಹೋದರು. ಅದನ್ನು ಕೇಳಿದಾಗ ಮೊದಲು ನಂಬಲೇ ಆಗಲಿಲ್ಲ. ಗ್ಲುಬಾನಿನಲ್ಲಿ ನಿಂತಾಗ ನಂಬಿಕೆ ಬಂತು. ಈ ಹೊಳೆಗಳ ನಡುವೆ ಬೆಳೆದ ಹುಡುಗನಿಗೆ ಬೇರೆ ಯಾವ ಬಾಗಿಲು ತೆರೆದಿತ್ತು?

ನಾವು ಉಳಿದ ಮನೆಯ ಅಜ್ಜಿಗೆ 80 ದಾಟಿದೆ. ಅವಳ ಅಪ್ಪ ಅಮ್ಮ ಇಬ್ಬರೂ ಆ ಶಿಬಿರದಿಂದ ಬಂದವರು. ಅಮ್ಮ ಏನು ಹೇಳುತ್ತಿದ್ದರು ಅಂತ ಕೇಳಿದೆವು. "ಹೇಳುತ್ತಲೇ ಇರಲಿಲ್ಲ" ಎಂದಳು. ದೊಡ್ಡವರು ಮಾತಾಡುವಾಗ ಮಕ್ಕಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತಂತೆ. ಮೆಹೆಬು ಎಂಬ ಹೆಸರನ್ನು ತಾನು ಮದುವೆಯಾದ ಮೇಲೆ ಸರಿಯಾಗಿ ಕೇಳಿದ್ದು ಎಂದಳು. ಸೀಡಿಕ್ ಅಂತ ಒಂದು ಪ್ರತ್ಯೇಕ ಬುಡಕಟ್ಟು ಇದೆ ಎಂದು ಸರ್ಕಾರ ಒಪ್ಪಿದ್ದೇ 2008ರಲ್ಲಿ. ಅಲ್ಲಿಯವರೆಗೆ ಇವರನ್ನು ಅಟಾಯಲ್ ಬುಡಕಟ್ಟಿಗೆ ಸೇರಿಸಿ ಲೆಕ್ಕ ಹಾಕುತ್ತಿದ್ದರು.

ಬೆಳಗ್ಗೆ ಮನೆ ಮುಂದಿನ ಗದ್ದೆಯಲ್ಲಿ ನಾಟಿ ಯಂತ್ರ ಓಡಾಡಿತ್ತು. ಯಂತ್ರ ಮೂಲೆ ಬಿಡುತ್ತದೆ. ನಮ್ಮ ಮಲೆನಾಡಿನಲ್ಲೂ ಹಾಗೇ. ಅಜ್ಜಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಸಸಿಯ ಕಟ್ಟು ಹಿಡಿದು ಮೂಲೆಗೆ ಇಳಿದಳು. ನನಗೆ ತಡೆಯಲಾಗಲಿಲ್ಲ. ಪ್ಯಾಂಟು ಮಡಚಿ ನಾನೂ ಇಳಿದೆ. ಕೆಸರು ತಣ್ಣಗಿತ್ತು. ಮೂರೋ ನಾಲ್ಕೋ ಸಸಿ ಬಿಡಿಸಿ, ಹೆಬ್ಬೆರಳು ಎರಡು ಬೆರಳಲ್ಲಿ ಹಿಡಿದು ಊರಿ, ಕೈ ತೆಗೆಯುವಾಗ ಮಣ್ಣು ಒತ್ತಿದೆ. ಅಜ್ಜಿ ನನ್ನ ಕೈಯನ್ನೇ ನೋಡಿ ಗೆಳೆಯನಿಗೆ ಏನೋ ಹೇಳಿದಳು.

"ಈ ಕೈ ಗದ್ದೆ ಕಂಡಿದೆ ಅಂತೆ" ಎಂದು ಅವನು ಅಂಚಿನಿಂದ ಕೂಗಿದ.

ಬಗ್ಗಿದಾಗ ಜೇಬಿನಿಂದ ನಾಣ್ಯ ಜಾರಿ ಕೆಸರಿಗೆ ಬಿತ್ತು. ನಾನು ತಡಕಾಡುವಷ್ಟರಲ್ಲಿ ಅಜ್ಜಿಯೇ ಎತ್ತಿಕೊಂಡಳು. ಕಾಲುವೆಯ ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಉಜ್ಜಿದಳು. ಮೊದಲು ದೋಣಿ ಕಂಡಿತು, ತಿರುಗಿಸಿದಳು. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಊರಿನ ಒಂದು ಕಡೆಗೆ ಗಲ್ಲ ಎತ್ತಿ ತೋರಿಸಿ, ಎರಡು ಮಾತು ಆಡಿದಳು.

ಗೆಳೆಯ ಸ್ವಲ್ಪ ತಡೆದು ಹೇಳಿದ. "ಇವನ ಮಗಳು ಅಲ್ಲಿದ್ದಳು ಅಂತೆ. ಇವರು ಚಿಕ್ಕವರಿದ್ದಾಗ ನೋಡಿದ್ದಾರೆ. ಜಾಸ್ತಿ ಮಾತಾಡುತ್ತಿರಲಿಲ್ಲ ಅಂತೆ."

ಮಾಹುಂಗ್ ಮೋನಾ. ಅಣ್ಣನಿಗೆ ಮದ್ಯ ಕೊಟ್ಟು ಇಳಿದು ಬಂದವಳು. ಆ ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದು. ಮತ್ತೆ ಮತ್ತೆ ಸಾಯಲು ನೋಡಿ, ಸಾಯಲಾಗದೆ, ಇದೇ ಊರಿನಲ್ಲಿ ಬದುಕಿದಳು.

"ಮ್ಹುವೆ ಸು" ಎಂದೆ. ಅವರ ಮಾತಿನಲ್ಲಿ ನನಗೆ ಬರುವುದು ಅದೊಂದೇ, ನಿಮಗೆ ಕೃತಜ್ಞತೆ ಅಂತ. ಅಜ್ಜಿ ನಾಣ್ಯವನ್ನು ಸೆರಗಿನಂಥ ತನ್ನ ಏಪ್ರನ್ನಿನ ತುದಿಗೆ ಒರೆಸಿ ನನ್ನ ಕೈಗೆ ಕೊಟ್ಟಳು. ನನ್ನ ಎಡಗೈಯಲ್ಲಿ ಇನ್ನೂ ಸಸಿ ಉಳಿದಿತ್ತು, ಮೂಲೆಯೂ ಉಳಿದಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ನನಗೆ ಜಾಗ ಬಿಟ್ಟಳು.